ಸೈನ್ಯದಿಂದ ಅಂಗಡಿಗೆ, ಅಂಗಡಿಯಿಂದ ಸಂಖ್ಯಾಶಾಸ್ತ್ರಕ್ಕೆ: ಮಾಜಿ ಸೈನಿಕರಿಗೆ ಹಂತ ಹಂತದ ಮಾರ್ಗದರ್ಶಿ

ಬೆಳಗಾವಿ, ವಿಜಯಪುರ, ಕೊಡಗು, ಹಾಸನದ ಕಡೆಯಿಂದ ಬರುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ. "ಸರ್, 17 ವರ್ಷ ಸರ್ವಿಸ್ ಮುಗಿಸಿ ಊರಿಗೆ ಬಂದೆ. ಈಗ ಸೂಪರ್‌ಮಾರ್ಕೆಟ್‌ನಲ್ಲಿ ಸ್ಟಾಕ್ ನೋಡಿಕೊಳ್ಳುತ್ತಿದ್ದೇನೆ. ದಿನವಿಡೀ ಲೆಕ್ಕದ ಜೊತೆಗೇ ಇರುವುದರಿಂದ ಸ್ಟ್ಯಾಟಿಸ್ಟಿಕ್ಸ್ ಓದಬೇಕು ಅನ್ನಿಸಿದೆ. ಈ ವಯಸ್ಸಿಗೆ ಆಗುತ್ತಾ?"

ಆಗುತ್ತದೆ. ವಯಸ್ಸು ಅಡ್ಡ ಬರುವ ಜಾಗಗಳು ಕಡಿಮೆ, ಅವು ಯಾವುವೆಂದು ಮುಂದೆ ಹೇಳುತ್ತೇನೆ. ನಮ್ಮವರು ನಿಜವಾಗಿ ಎಡವುವುದು ಬೇರೆ ಎರಡು ಕಡೆ. ಒಂದು, ಕೈಯಲ್ಲಿರುವ ಕಾಗದ ಪದವಿಯೋ ಅಲ್ಲವೋ ಎಂಬ ಗೊಂದಲ. ಇನ್ನೊಂದು, ಪಿಯುಸಿ ಮಟ್ಟದ ಗಣಿತ. ಇವೆರಡನ್ನು ಸರಿಮಾಡಿಕೊಂಡವರು ಮುಂದೆ ಹೋಗುತ್ತಾರೆ. ಇವನ್ನು ಬಿಟ್ಟು ನೇರವಾಗಿ ಕೋರ್ಸ್‌ಗೆ ಹಣ ಕಟ್ಟಿದವರು ಮೊದಲ ವರ್ಷವೇ ಕೈಬಿಡುತ್ತಾರೆ. ಹಾಗಾಗಿ ಈ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಹಂತ 1: ನಿಮ್ಮ ಕೈಯಲ್ಲಿರುವ ಕಾಗದ ಯಾವುದು?

ಎಸ್ಎಸ್ಎಲ್‌ಸಿ ಮುಗಿಸಿ ಸೈನ್ಯ ಸೇರಿ 15 ವರ್ಷ ಪೂರೈಸಿದವರಿಗೆ ಪದವಿಗೆ ಸಮಾನ ಎಂಬ ಪ್ರಮಾಣಪತ್ರ ಸಿಗುತ್ತದೆ. ಮನೆಯಲ್ಲಿ, ಊರಲ್ಲಿ ಎಲ್ಲರೂ ಅದನ್ನು "ಡಿಗ್ರಿ" ಎಂದೇ ಕರೆಯುತ್ತಾರೆ. ಆದರೆ ಆ ಸಮಾನತೆ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಅರ್ಜಿ ಹಾಕಲು ಮಾತ್ರ, ಅದೂ ತಾಂತ್ರಿಕ ಅರ್ಹತೆ ಕೇಳದ ಹುದ್ದೆಗಳಿಗೆ. ಅದು ವಿಶ್ವವಿದ್ಯಾಲಯ ಕೊಟ್ಟ ಪದವಿಯಲ್ಲ. ಅದನ್ನು ತೋರಿಸಿ ಸ್ನಾತಕೋತ್ತರ ಡಿಪ್ಲೊಮಾಗೋ ಎಂ.ಎಸ್ಸಿ.ಗೋ ಸೇರಲು ಆಗುವುದಿಲ್ಲ. ಸಂಖ್ಯಾಶಾಸ್ತ್ರವನ್ನೇ ವಿಷಯವಾಗಿ ಕೇಳುವ ಸರ್ಕಾರಿ ಹುದ್ದೆಗೂ ಅದು ಸಾಲದು. ಈ ಒಂದು ತಪ್ಪು ತಿಳಿವಳಿಕೆಯಿಂದ ವರ್ಷಗಟ್ಟಲೆ ಕಳೆದುಕೊಂಡವರನ್ನು ಕಂಡು ನನಗೆ ನಿಜಕ್ಕೂ ಬೇಸರವಾಗುತ್ತದೆ. ಅದಕ್ಕೇ ಇದನ್ನು ಮೊದಲ ಹಂತದಲ್ಲಿ ಇಟ್ಟಿದ್ದೇನೆ.

ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಎಸ್ಎಸ್ಎಲ್‌ಸಿ ಇದೆಯೇ, ಅದರಲ್ಲಿ ಗಣಿತ, ಇಂಗ್ಲಿಷ್ ಇವೆಯೇ? ಪಿಯುಸಿ ಇದೆಯೇ, ಯಾವ ಕಾಂಬಿನೇಶನ್? ಕ್ಲರ್ಕ್ ಅಥವಾ ಸ್ಟೋರ್ ಕೀಪರ್ ಟೆಕ್ನಿಕಲ್ ಟ್ರೇಡ್‌ನಲ್ಲಿದ್ದವರ ಬಳಿ ಸಾಮಾನ್ಯವಾಗಿ ಪಿಯುಸಿ ಇದ್ದೇ ಇರುತ್ತದೆ. ಕಾಮರ್ಸ್‌ನಲ್ಲಿ ಎಸ್ಇಬಿಎ (ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ಓದಿದವರಿಗೆ ಸಂಖ್ಯಾಶಾಸ್ತ್ರದ ಪರಿಚಯ ಆಗಲೇ ಆಗಿದೆ. ಆದರೆ ಕಾಮರ್ಸ್‌ನ "ಬೇಸಿಕ್ ಮ್ಯಾಥ್ಸ್" ಬೇರೆ, ವಿಜ್ಞಾನ ವಿಭಾಗದ "ಮ್ಯಾಥಮ್ಯಾಟಿಕ್ಸ್" ಬೇರೆ. ಪಿಯುಸಿ ಗಣಿತ ಕೇಳುವ ಕೋರ್ಸ್‌ಗೆ ಬೇಸಿಕ್ ಮ್ಯಾಥ್ಸ್ ನಡೆಯುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ "ನಡೆಯುತ್ತೆ ಸರ್" ಅಂದದ್ದು ದಾಖಲೆಯಾಗುವುದಿಲ್ಲ.

ಅಗ್ನಿವೀರರಿಗೆ ಒಂದು ಮಾತು. 4 ವರ್ಷ ಮುಗಿಸಿ ಹೊರಬರುವವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನಮಾನವೂ ಇಲ್ಲ. ಆದ್ದರಿಂದ ಇಲ್ಲಿ ಮಾಜಿ ಸೈನಿಕರ ಸೌಲಭ್ಯ ಎಂದು ಹೇಳಿರುವುದನ್ನು ನಿಮಗೂ ಇದೆ ಎಂದುಕೊಳ್ಳಬೇಡಿ. ನಿಮ್ಮ ಬಲ ಬೇರೆ: ವಯಸ್ಸು ಇನ್ನೂ 25ರ ಒಳಗೆ ಅಥವಾ ಆಸುಪಾಸು, ಜೊತೆಗೆ ಸೇವಾ ನಿಧಿಯ ಸುಮಾರು 11.71 ಲಕ್ಷ ರೂಪಾಯಿ. 10ನೇ ತರಗತಿ ಮೇಲೆ ಸೇರಿದ್ದರೆ ಸೇವೆಯಲ್ಲಿರುವಾಗಲೇ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ 12ನೇ ತರಗತಿ ಮುಗಿಸಿಕೊಂಡು ಬನ್ನಿ.

ಹಂತ 2: ಹೆಸರು ಒಂದೇ ಇರಲಿ

ಸಣ್ಣ ಹಂತ, ಆದರೆ ಅರ್ಜಿ ಸಿಕ್ಕಿಬೀಳುವುದು ಇಲ್ಲೇ. ವಿಶ್ವವಿದ್ಯಾಲಯಗಳ ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಗೆ ಸೇರಲು ಈಗ ಎಬಿಸಿ ಐಡಿ ಬೇಕು, ಅದರ ಮೇಲೆ ಡೆಬ್ ಐಡಿ ಬೇಕು. ಎಬಿಸಿ ಅಂದರೆ ನೀವು ಗಳಿಸಿದ ಕ್ರೆಡಿಟ್‌ಗಳ ಖಾತೆ. ಡೆಬ್ ಅಂದರೆ ಯುಜಿಸಿಯ ದೂರಶಿಕ್ಷಣ ವಿಭಾಗ. ಎರಡಕ್ಕೂ ಆಧಾರ್ ಬೇಕು.

ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ "ಬಸವರಾಜ ಎಸ್", ಡಿಸ್ಚಾರ್ಜ್ ಬುಕ್‌ನಲ್ಲಿ ಅಕ್ಷರ ಬಿಟ್ಟುಹೋದ "ಬಸ್ವರಾಜ್ ಶಿವಪ್ಪ", ಆಧಾರ್‌ನಲ್ಲಿ ಮನೆತನದ ಹೆಸರೂ ಸೇರಿ ಮತ್ತೊಂದು. ಉತ್ತರ ಕರ್ನಾಟಕದವರಲ್ಲಿ, ಕೊಡಗಿನವರಲ್ಲಿ ಇದು ತೀರಾ ಸಾಮಾನ್ಯ. ಇನ್ನೂ ಸೇವೆಯಲ್ಲಿದ್ದರೆ ಯೂನಿಟ್‌ನಲ್ಲೇ ಪಾರ್ಟ್ ಟು ಆರ್ಡರ್ (ಸೇವಾ ದಾಖಲೆಯ ಬದಲಾವಣೆ ನಮೂದಿಸುವ ಆದೇಶ) ಮಾಡಿಸಿ ಸರಿಪಡಿಸಿಕೊಳ್ಳಿ. ಹೊರಬಂದಿದ್ದರೆ ನಿಮ್ಮ ರೆಕಾರ್ಡ್ ಆಫೀಸಿಗೆ ಬರೆಯಬೇಕಾಗುತ್ತದೆ. ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಕೇಳಿದರೆ ಅರ್ಜಿಯ ನಮೂನೆ ತಿಳಿಸುತ್ತಾರೆ. ಓದಿಗೆ ಆಧಾರವಾಗುವುದು ಎಸ್ಎಸ್ಎಲ್‌ಸಿ ಅಂಕಪಟ್ಟಿ. ಆಧಾರ್ ಅನ್ನು ಅದಕ್ಕೆ ಹೊಂದಿಸುವುದು ಸಾಮಾನ್ಯವಾಗಿ ಸುಲಭದ ದಾರಿ. ಆದರೆ ಪಿಂಚಣಿ ದಾಖಲೆಯೊಂದಿಗೆ ತಾಳೆ ತಪ್ಪದಂತೆ ನೋಡಿಕೊಳ್ಳಿ.

ಹಂತ 3: ಬಾಕಿ ಉಳಿದ ಗಣಿತ

ಪಿಯುಸಿ ಗಣಿತ ಇಲ್ಲದವರು ಎನ್‌ಐಒಎಸ್‌ನ ಸೀನಿಯರ್ ಸೆಕೆಂಡರಿಯಲ್ಲಿ ಗಣಿತವೊಂದನ್ನೇ ಕಟ್ಟಿ ಪಾಸು ಮಾಡಬಹುದು. ಈಗಾಗಲೇ 12ನೇ ತರಗತಿ ಆಗಿದ್ದವರೂ ಹೆಚ್ಚುವರಿ ವಿಷಯವಾಗಿ ತೆಗೆದುಕೊಳ್ಳಬಹುದು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ಹೊತ್ತಿಗೆ.

ಕಾಗದ ಇರುವವರೂ ಈ ಹಂತವನ್ನು ಹಾರಿಸಬೇಡಿ. 20 ವರ್ಷ ಮುಟ್ಟದ ಗಣಿತ ಕೈಯಲ್ಲಿ ಉಳಿದಿರುವುದಿಲ್ಲ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಎಲ್ಲವನ್ನೂ ಮೊದಲ ಪುಟದಿಂದ ಓದಬೇಕಿಲ್ಲ. ಹೀಗೆ ಹೋಗಿ: ಭಿನ್ನರಾಶಿ, ಶೇಕಡ, ಘಾತಾಂಕ, ಆಮೇಲೆ ಬೀಜಗಣಿತ, ಲಾಗರಿದಮ್, ಆಮೇಲೆ ಕ್ರಮಯೋಜನೆ ಮತ್ತು ವಿಕಲ್ಪ, ಅಂದರೆ ವಸ್ತುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು, ಆರಿಸಬಹುದು ಎಂಬ ಲೆಕ್ಕ, ನಂತರ ಸಂಭವನೀಯತೆ. ಅವಕಲನ, ಅನುಕಲನ, ಮಾತೃಕೆಗಳು ಕೊನೆಗೆ. ತ್ರಿಕೋನಮಿತಿಗೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಎನ್‌ಐಒಎಸ್ ಪರೀಕ್ಷೆ ಬರೆಯುವವರಿಗೆ ಆ ರಿಯಾಯಿತಿ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರು ಎರಡು ಕಾಲಮ್ಮಿನ ನೋಟ್‌ಬುಕ್ ಇಡಿ. ಮಧ್ಯಾಂಕ ಅಂದರೆ ಮೀಡಿಯನ್, ಬಹುಲಕ ಅಂದರೆ ಮೋಡ್, ಮಾನಕ ವಿಚಲನೆ ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಸಂಭವನೀಯತೆ ಅಂದರೆ ಪ್ರಾಬಬಿಲಿಟಿ. ಪದವಿಯ ಪಾಠಗಳು ಇಂಗ್ಲಿಷ್‌ನಲ್ಲೇ ಇರುತ್ತವೆ. ಅರ್ಥ ಕನ್ನಡದಲ್ಲಿ ಗಟ್ಟಿಯಾಗಿದ್ದರೆ ಇಂಗ್ಲಿಷ್ ಹೆಸರು ತಾನಾಗಿ ಹತ್ತುತ್ತದೆ.

ಹಂತ 4: ಅಂಗಡಿಯಲ್ಲೇ ಓದು ಶುರುವಾಗಲಿ

ಅಂಗಡಿಯ ಕೆಲಸವನ್ನು ಅನೇಕರು "ಸುಮ್ನೆ ಹೊಟ್ಟೆಪಾಡಿಗೆ" ಎಂದು ಹೇಳಿಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಕಾಲೇಜಿನ ಹುಡುಗರಿಗೆ ಪುಸ್ತಕದ ಕೊನೆಯ ಪುಟದಲ್ಲಿ ಸಿಗುವ ದತ್ತಾಂಶ ನಿಮ್ಮ ಕಣ್ಣೆದುರು ಬಿಲ್ಲಿಂಗ್ ಕೌಂಟರ್‌ನಲ್ಲಿ ದಿನಾ ಹರಿಯುತ್ತಿದೆ. ಎಎಸ್‌ಸಿಯಲ್ಲಿ (ಆರ್ಮಿ ಸರ್ವಿಸ್ ಕೋರ್) ರೇಷನ್ ನೋಡಿಕೊಂಡವರಿಗೆ, ಯೂನಿಟ್‌ನ ಕ್ವಾರ್ಟರ್‌ಮಾಸ್ಟರ್ ಸ್ಟೋರ್‌ನಲ್ಲಿ ಇದ್ದವರಿಗೆ, ಕ್ಯಾಂಟೀನ್ ಡ್ಯೂಟಿ ಮಾಡಿದವರಿಗೆ ಇಂಡೆಂಟ್, ಲೆಡ್ಜರ್, ಸ್ಟಾಕ್ ಟೇಕಿಂಗ್ ಹೊಸದಲ್ಲ. ಅದರ ಹಿಂದಿನ ಗಣಿತವನ್ನು ನೋಡುವುದಷ್ಟೇ ಬಾಕಿ.

ಒಂದು ಪದಾರ್ಥ ಆರಿಸಿಕೊಳ್ಳಿ. ತೊಗರಿಬೇಳೆಯ ಅರ್ಧ ಕಿಲೋ ಪ್ಯಾಕೆಟ್ ಅಂತಿಟ್ಟುಕೊಳ್ಳಿ. ಎರಡು ತಿಂಗಳು ದಿನದ ಮಾರಾಟ ಬರೆದಿಡಿ. ಮೊದಲು ಸರಾಸರಿ ತೆಗೆಯಿರಿ, ಆಮೇಲೆ ಮಧ್ಯಾಂಕ, ಅಂದರೆ ಎಲ್ಲ ದಿನಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ. ಯುಗಾದಿಯ ವಾರವೋ ಗಣೇಶ ಚತುರ್ಥಿಯ ವಾರವೋ ಸೇರಿದ್ದರೆ ಎರಡಕ್ಕೂ ನಡುವೆ ದೊಡ್ಡ ಅಂತರ ಕಾಣುತ್ತದೆ. ಹಬ್ಬದ ಕೆಲವೇ ದಿನ ಸರಾಸರಿಯನ್ನು ಮೇಲಕ್ಕೆ ಎಳೆದಿರುತ್ತವೆ, ಮಧ್ಯಾಂಕ ಅಷ್ಟಾಗಿ ಅಲುಗಿರುವುದಿಲ್ಲ.

ಈಗ ಆರ್ಡರ್ ಲೆಕ್ಕ. ದಿನಕ್ಕೆ ಸರಾಸರಿ 40 ಪ್ಯಾಕೆಟ್ ಹೋಗುತ್ತದೆ. ಮಾನಕ ವಿಚಲನೆ 10. ಮಾನಕ ವಿಚಲನೆ ಎಂದರೆ ದಿನದ ಮಾರಾಟ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಎಂಬ ಅಳತೆ. ಆರ್ಡರ್ ಹಾಕಿದ ಮೇಲೆ ಲೋಡ್ ಬರಲು 4 ದಿನ ಬೇಕು. ಎಷ್ಟು ಪ್ಯಾಕೆಟ್ ಉಳಿದಾಗ ಆರ್ಡರ್ ಹಾಕಬೇಕು?

4 ದಿನಕ್ಕೆ 160 ಬೇಕು, ಇದು ಸರಳ. ಆದರೆ 160ಕ್ಕೇ ಹಾಕಿದರೆ ಸುಮಾರು ಅರ್ಧದಷ್ಟು ಸಲ ಲೋಡ್ ಬರುವ ಮೊದಲೇ ಶೆಲ್ಫ್ ಖಾಲಿ. ಅದಕ್ಕೆ ಮೇಲೆ ಸ್ವಲ್ಪ ಇಟ್ಟುಕೊಳ್ಳಬೇಕು, ಇದನ್ನು ಸೇಫ್ಟಿ ಸ್ಟಾಕ್ ಎನ್ನುತ್ತಾರೆ. ಎಷ್ಟು ಎನ್ನುವುದರಲ್ಲೇ ಇದೆ ಪಾಠ. ಒಂದು ದಿನದ ವಿಚಲನೆ 10 ಆದರೆ 4 ದಿನಕ್ಕೆ 40 ಎಂದು ಗುಣಿಸುವುದು ಎಲ್ಲರೂ ಮಾಡುವ ತಪ್ಪು. ಒಂದು ದಿನ ಹೆಚ್ಚು ಹೋದರೆ ಇನ್ನೊಂದು ದಿನ ಕಡಿಮೆ ಹೋಗುತ್ತದೆ, ಏರಿಳಿತಗಳು ಒಂದನ್ನೊಂದು ಸ್ವಲ್ಪ ಸರಿದೂಗಿಸುತ್ತವೆ. ಆದ್ದರಿಂದ ದಿನಗಳ ಸಂಖ್ಯೆಯ ವರ್ಗಮೂಲದಿಂದ ಗುಣಿಸಬೇಕು. 4ರ ವರ್ಗಮೂಲ 2, ಹಾಗಾಗಿ ವಿಚಲನೆ 20. ನೂರರಲ್ಲಿ 95 ಸಲ ಮಾಲು ಸಾಕಾಗಬೇಕೆಂದರೆ 20ನ್ನು 1.65ರಿಂದ (ಶೇ. 95ಕ್ಕೆ ಸಂಖ್ಯಾಶಾಸ್ತ್ರದ ಕೋಷ್ಟಕ ಕೊಡುವ ಅಂಕಿ) ಗುಣಿಸಿ: 33. ಅಂದರೆ 193 ಪ್ಯಾಕೆಟ್ ಉಳಿದಾಗ ಆರ್ಡರ್ ಹೋಗಬೇಕು. ತಪ್ಪಾಗಿ 40 ಹಿಡಿದಿದ್ದರೆ 66 ಪ್ಯಾಕೆಟ್ ಹೆಚ್ಚುವರಿ ಇಡುತ್ತಿದ್ದಿರಿ, ಬೇಕಾದ್ದಕ್ಕಿಂತ ಎರಡರಷ್ಟು. ಅಂಗಡಿಯ ಸಾವಿರಾರು ಪದಾರ್ಥಗಳಿಗೆ ಇದೇ ತಪ್ಪು ನಡೆದರೆ ಗೋಡೌನ್‌ನಲ್ಲಿ ಎಷ್ಟು ಹಣ ಸುಮ್ಮನೆ ಕೂತಿರುತ್ತದೆ ಎಂದು ನೀವೇ ಊಹಿಸಿ. ಒಂದು ದಿನದ ಮಾರಾಟ ಇನ್ನೊಂದು ದಿನದ ಮೇಲೆ ಪ್ರಭಾವ ಬೀರದಿದ್ದಾಗ, ಅಂಕಿಗಳು ಸರಾಸರಿಯ ಎರಡೂ ಕಡೆ ಗಂಟೆಯಾಕಾರದಲ್ಲಿ ಹರಡಿದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಹಬ್ಬದ ವಾರಕ್ಕೆ ನಿಲ್ಲುವುದಿಲ್ಲ.

ಇಲ್ಲಿ ಒಂದು ಗುಂಡಿ ಇದೆ, ಓದಿದವರೂ ಬೀಳುತ್ತಾರೆ. ಕಂಪ್ಯೂಟರ್‌ನಲ್ಲಿ ಒಂದು ದಿನದ ಮಾರಾಟ 0 ಎಂದಿದ್ದರೆ ಅವತ್ತು ಯಾರಿಗೂ ಬೇಳೆ ಬೇಕಿರಲಿಲ್ಲ ಎಂದಲ್ಲ. ಶೆಲ್ಫ್ ಖಾಲಿ ಇದ್ದಿರಬಹುದು. ಆ ಸೊನ್ನೆಗಳನ್ನು ಹಾಗೇ ಸೇರಿಸಿ ಸರಾಸರಿ ತೆಗೆದರೆ ಬೇಡಿಕೆ ಕಡಿಮೆ ಎಂದು ತೋರುತ್ತದೆ, ಆರ್ಡರ್ ಕಡಿಮೆಯಾಗುತ್ತದೆ, ಶೆಲ್ಫ್ ಮತ್ತೆ ಖಾಲಿಯಾಗುತ್ತದೆ. ಹೆಡ್ ಆಫೀಸಿನಲ್ಲಿ ಕೂತವರಿಗೆ ಇದು ಕಾಣುವುದಿಲ್ಲ, ಫ್ಲೋರ್‌ನಲ್ಲಿ ನಿಂತ ನಿಮಗೆ ಕಾಣುತ್ತದೆ. ಹಾಗಾಗಿ ಮಾರಾಟದ ಪಕ್ಕದಲ್ಲೇ "ಮಾಲು ಇತ್ತು / ಇರಲಿಲ್ಲ" ಎಂಬ ಇನ್ನೊಂದು ಕಾಲಮ್ ಇಡಿ.

ಸ್ಟಾಕ್ ಎಣಿಕೆಯಲ್ಲೂ ಹೀಗೇ. ಎಲ್ಲ ಎಣಿಸಲು ಸಮಯವಿಲ್ಲದಾಗ 50 ಪದಾರ್ಥ ಆರಿಸಿ ಎಣಿಸುತ್ತೀರಿ, ಇದು ಸ್ಯಾಂಪಲ್. ಕೈಗೆ ಸಿಗುವ ಎತ್ತರದ ಶೆಲ್ಫ್‌ನಿಂದಲೇ 50 ಆರಿಸಿದರೆ ಅದು ಇಡೀ ಅಂಗಡಿಯ ಕಥೆ ಹೇಳುವುದಿಲ್ಲ. ಪಟ್ಟಿಗೆ ಕ್ರಮಸಂಖ್ಯೆ ಕೊಟ್ಟು ಎಕ್ಸೆಲ್‌ನಲ್ಲೋ ಉಚಿತವಾದ ಲಿಬ್ರೆ ಆಫೀಸ್‌ನಲ್ಲೋ ಯಾದೃಚ್ಛಿಕ (ರ‍್ಯಾಂಡಮ್) ಸಂಖ್ಯೆ ತೆಗೆದು ಆರಿಸಿ.

ಎಚ್ಚರಿಕೆ: ಕಂಪನಿಯ ಮಾರಾಟದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ಯಬೇಡಿ. ಗ್ರಾಹಕರ ಮೊಬೈಲ್ ನಂಬರ್ ಇರುವ ಪಟ್ಟಿಯನ್ನಂತೂ ಮುಟ್ಟಲೇಬೇಡಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲೇ ಕಾನೂನು ಬಂದಿದೆ. ಮ್ಯಾನೇಜರ್‌ಗೆ ಹೇಳಿ, ಒಪ್ಪಿಗೆ ಪಡೆದು ಕೈಬರಹದಲ್ಲಿ ಲೆಕ್ಕ ಇಡಿ. ಒಪ್ಪದಿದ್ದರೆ ಕೇಂದ್ರ ಅಂಕಿಅಂಶ ಸಚಿವಾಲಯದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ದತ್ತಾಂಶ ಎಲ್ಲರಿಗೂ ಲಭ್ಯವಿದೆ. 2023–24ರ ಸಮೀಕ್ಷೆಯಂತೆ ತಲಾ ಮಾಸಿಕ ವೆಚ್ಚ ಹಳ್ಳಿಗಳಲ್ಲಿ 4,122 ರೂಪಾಯಿ, ಪಟ್ಟಣಗಳಲ್ಲಿ 6,996 ರೂಪಾಯಿ. ಆಹಾರಕ್ಕೆ ಹೋಗುವ ಪಾಲು ಹಳ್ಳಿಯಲ್ಲಿ ಸುಮಾರು ಶೇ. 47, ಪಟ್ಟಣದಲ್ಲಿ ಸುಮಾರು ಶೇ. 40. ಅಂಗಡಿಯಲ್ಲಿ ಬುಟ್ಟಿ ತುಂಬುವುದನ್ನು ನೋಡಿದವರಿಗೆ ಈ ಅಂಕಿಗಳು ಬೇಗ ಅರ್ಥವಾಗುತ್ತವೆ.

ಹಂತ 5: ಕೋರ್ಸ್ ಆರಿಸುವುದು

ಪದವಿ ಇಲ್ಲ, ಪಿಯುಸಿ ಇದೆ, ಕೆಲಸ ಬಿಡುವಂತಿಲ್ಲ ಎನ್ನುವವರು ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಅಂಡ್ ಅಪ್ಲಿಕೇಶನ್ಸ್ ಬಿ.ಎಸ್. ಪದವಿಯನ್ನು ನೋಡಿ. 2020ರಲ್ಲಿ ಶುರುವಾದದ್ದು. ವಯಸ್ಸಿನ ಮಿತಿ ಇಲ್ಲ, ಪಿಯುಸಿ ಯಾವ ವಿಭಾಗದ್ದಾದರೂ ಸರಿ, ಎಸ್ಎಸ್ಎಲ್‌ಸಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಇರಬೇಕು. ಜೆಇಇ ಬೇಡ. 4 ವಾರದ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸು ಮಾಡಿದರೆ ಪ್ರವೇಶ. ಮೊದಲ ಹಂತದಲ್ಲೇ ಗಣಿತ, ಸಂಖ್ಯಾಶಾಸ್ತ್ರ ಎರಡೂ ಇವೆ. ಶುಲ್ಕವನ್ನು ವಿಷಯಕ್ಕೆ ತಕ್ಕಂತೆ ಕಟ್ಟುತ್ತಾ ಹೋಗಬಹುದು, ನಡುವೆ ಡಿಪ್ಲೊಮಾ ಅಥವಾ ಬಿ.ಎಸ್ಸಿ. ಪಡೆದು ನಿಲ್ಲಿಸಲೂ ಬಹುದು. ಪಾಠ ಆನ್‌ಲೈನ್, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು, ಅದೂ ಭಾನುವಾರ. ಅಂಗಡಿಯವರಿಗೆ ಭಾನುವಾರ ರಜೆ ಸಿಗುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಟರ್ಮ್ ಶುರುವಾಗುತ್ತಲೇ ಪರೀಕ್ಷೆಯ ದಿನಾಂಕಗಳನ್ನು ಮ್ಯಾನೇಜರ್‌ಗೆ ಲಿಖಿತವಾಗಿ ಕೊಡಿ.

ನಿಜವಾದ ಪದವಿ ಈಗಾಗಲೇ ಇದ್ದು ಪಿಯುಸಿ ಗಣಿತವೂ ಇದ್ದರೆ ಇಗ್ನೋದ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಅನ್ವಯಿಕ ಸಂಖ್ಯಾಶಾಸ್ತ್ರ ಸ್ನಾತಕೋತ್ತರ ಡಿಪ್ಲೊಮಾ ಹೊಂದುತ್ತದೆ. ಪ್ರವೇಶ ಜನವರಿ ಮತ್ತು ಜುಲೈ ಆವೃತ್ತಿಗಳಲ್ಲಿ. ಪ್ರಾದೇಶಿಕ ಕೇಂದ್ರಗಳು ಬೆಂಗಳೂರು ಮತ್ತು ವಿಜಯಪುರದಲ್ಲಿವೆ.

ಕೆಲಸ ಬಿಟ್ಟು ಓದಬಲ್ಲವರಿಗೆ, ಮುಖ್ಯವಾಗಿ ಅಗ್ನಿವೀರರಿಗೆ, ಗಣಿತ–ಸಂಖ್ಯಾಶಾಸ್ತ್ರ ಇರುವ ಬಿ.ಎಸ್ಸಿ. ಒಳ್ಳೆಯದು. ಸ್ನಾತಕೋತ್ತರಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಬೆಂಗಳೂರಿನ ಜ್ಞಾನಭಾರತಿಯಲ್ಲಿ ಸಂಖ್ಯಾಶಾಸ್ತ್ರ ವಿಭಾಗಗಳಿವೆ. 1931ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಕೋಲ್ಕತ್ತದಲ್ಲಿ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ನಮ್ಮ ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಕೇಂದ್ರವಿದೆ. ಅಲ್ಲಿನ ಪ್ರವೇಶ ಪರೀಕ್ಷೆ ಕಠಿಣ, ಹಂತ 3ನ್ನು ಚೆನ್ನಾಗಿ ಮಾಡಿದವರು ಮಾತ್ರ ಯೋಚಿಸಿ.

ಇನ್ನೂ ಸೇವೆಯಲ್ಲಿ ಇದ್ದೀರಾ? ಹಾಗಾದರೆ ಡಿಜಿಆರ್, ಅಂದರೆ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ಕೋರ್ಸ್‌ಗಳನ್ನು ನಿವೃತ್ತಿಗೆ ಮೊದಲೇ ಕೇಳಿ. ಜೆಸಿಒ (ಕಿರಿಯ ಕಮಿಷನ್ಡ್ ಅಧಿಕಾರಿ) ಮತ್ತು ಜವಾನರಿಗೆ ಅದರ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಹೊರಬಂದ ಮೇಲೆ ಈ ಅವಕಾಶ ಕಿರಿದಾಗುತ್ತದೆ.

ದೂರವಿಡಬೇಕಾದವು ಎರಡು. "ಒಂದೇ ವರ್ಷದಲ್ಲಿ ಡಿಗ್ರಿ, ಹಿಂದಿನ ವರ್ಷದ ದಿನಾಂಕ ಹಾಕಿಸಿಕೊಡುತ್ತೇವೆ" ಎನ್ನುವವರನ್ನು ಬಾಗಿಲಲ್ಲೇ ಕಳುಹಿಸಿ. ಅಂಥ ಪದವಿ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೆಲಸ ಹೋಗುವುದಲ್ಲದೆ ಕೇಸೂ ಆಗುತ್ತದೆ. ಎರಡನೆಯದು, ಲಕ್ಷಗಟ್ಟಲೆ ಶುಲ್ಕ ಕೇಳಿ, ಇಎಂಐ ಮಾಡಿಸಿ, "ಗ್ಯಾರಂಟಿ ಕೆಲಸ" ಎಂದು ಹೇಳುವ ಡೇಟಾ ಸೈನ್ಸ್ ತರಬೇತಿಗಳು. ಕೈಯಲ್ಲಿ ಗ್ರಾಚ್ಯುಟಿ ಹಣ ಬಂದಿರುವ ಹೊತ್ತಿಗೇ ಇವರ ಕರೆಗಳು ಬರುತ್ತವೆ. ಪದವಿ ಕೊಡುತ್ತೇವೆ ಎನ್ನುವ ಖಾಸಗಿ ಸಂಸ್ಥೆಯ ಹೆಸರು ಯುಜಿಸಿ ಪಟ್ಟಿಯಲ್ಲಿ ಇದೆಯೇ ನೋಡಿ, ಇಲ್ಲವಾದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಹಂತ 6: ಸಮಯ ಮತ್ತು ಹಣ

ಕ್ಲೋಸಿಂಗ್ ಶಿಫ್ಟ್ ಮಾಡಿ ರಾತ್ರಿ 11ಕ್ಕೆ ಮನೆಗೆ ಬಂದವರು ಓದಲಾರರು. ಸಾಧ್ಯವಿದ್ದರೆ ಓಪನಿಂಗ್ ಶಿಫ್ಟ್ ಕೇಳಿ ಪಡೆಯಿರಿ, ಬೆಳಗ್ಗೆ ಪಿಟಿಗೆ ಏಳುತ್ತಿದ್ದ ಹೊತ್ತಿಗೇ ಎದ್ದು ಓದಿ. ವಾರದ ರಜೆಯ ದಿನ ಅರ್ಧ ದಿನ ಓದಿಗೆ, ಉಳಿದರ್ಧ ಮನೆಗೆ. ಇಷ್ಟು ವರ್ಷ ನಿಮ್ಮ ರಜೆಗೆ ಕಾದು ಕೂತ ಮನೆಯವರ ಪಾಲನ್ನು ಪುಸ್ತಕಕ್ಕೆ ಕೊಡಬೇಡಿ. ಒಂದು ಟರ್ಮ್‌ಗೆ ಎರಡೇ ವಿಷಯ ಸಾಕು.

ಹಣದ ವಿಷಯದಲ್ಲಿ ಒಂದು ಗೊಂದಲ ಪದೇಪದೇ ಬರುತ್ತದೆ. ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ಇರುವುದು ಮಾಜಿ ಸೈನಿಕರ ಮಕ್ಕಳಿಗೆ ಮತ್ತು ಅವರ ವಿಧವಾ ಪತ್ನಿಯರಿಗೆ, ನಿಮಗಲ್ಲ. ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಹಂತ 7: ಕೆಲಸದ ಕಡೆ

ಮೊದಲ ಬಾಗಿಲು ನೀವಿರುವ ಅಂಗಡಿಯ ಸಂಸ್ಥೆಯೇ. ಇನ್ವೆಂಟರಿ ಕಂಟ್ರೋಲ್, ಎಂಐಎಸ್ ಎಂದು ಕರೆಯುವ ವರದಿ ತಯಾರಿ, ಬೇಡಿಕೆಯ ಅಂದಾಜು ಮಾಡುವ ವಿಭಾಗ ಎಲ್ಲ ದೊಡ್ಡ ಸರಣಿ ಅಂಗಡಿಗಳಲ್ಲೂ ಇರುತ್ತವೆ. ಸಂದರ್ಶನದಲ್ಲಿ "ಸ್ಟೋರ್ ನೋಡಿಕೊಂಡಿದ್ದೆ" ಎಂದಷ್ಟೇ ಹೇಳಬೇಡಿ. ತೊಗರಿಬೇಳೆಯ ಲೆಕ್ಕದಂಥದ್ದನ್ನು ಹಾಳೆಯ ಮೇಲೆ ಮಾಡಿ ತೋರಿಸಿ. ಪದವಿ ಮುಗಿಯುವವರೆಗೆ ಕಾಯಬೇಕಿಲ್ಲ, ಅರ್ಧ ದಾರಿಯಲ್ಲೇ ಈ ಕಡೆಗೆ ಬದಲಾವಣೆ ಕೇಳಬಹುದು.

ಸರ್ಕಾರಿ ಕೆಲಸ ಬೇಕೆನ್ನುವವರು ಕೋರ್ಸ್ ಆರಿಸುವ ಮೊದಲೇ ಅಧಿಸೂಚನೆ ಓದಿ. ಎಸ್ಎಸ್‌ಸಿಯ, ಅಂದರೆ ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗದ ಸಿಜಿಎಲ್ (ಪದವೀಧರರ ನೇಮಕಾತಿ) ಪರೀಕ್ಷೆಯಲ್ಲಿ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆಗೆ ಯಾವುದೇ ಪದವಿಯ ಜೊತೆ 12ನೇ ತರಗತಿಯ ಗಣಿತದಲ್ಲಿ ಶೇ. 60 ಇರಬೇಕು, ಅಥವಾ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು. ಸ್ಟ್ಯಾಟಿಸ್ಟಿಕಲ್ ಇನ್ವೆಸ್ಟಿಗೇಟರ್ ಹುದ್ದೆಗೆ ಪದವಿಯ ಮೂರೂ ವರ್ಷ ಅಥವಾ ಆರೂ ಸೆಮಿಸ್ಟರ್ ಸಂಖ್ಯಾಶಾಸ್ತ್ರ ಓದಿರಬೇಕು. ಡೇಟಾ ಸೈನ್ಸ್ ಪದವಿಯಲ್ಲಿ ಈ ಷರತ್ತು ಪೂರೈಸುತ್ತದೆ ಎಂದು ಊಹಿಸಿಕೊಂಡು ಕೂರಬೇಡಿ. ರಾಜ್ಯದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಸಾಂಖ್ಯಿಕ ನಿರೀಕ್ಷಕ, ಸಹಾಯಕ ಸಾಂಖ್ಯಿಕ ಅಧಿಕಾರಿ ಹುದ್ದೆಗಳ ಮೇಲೂ ಕಣ್ಣಿಡಿ. ಯುಪಿಎಸ್‌ಸಿ ನಡೆಸುವ ಭಾರತೀಯ ಸಾಂಖ್ಯಿಕ ಸೇವೆಗೆ ವಯಸ್ಸಿನ ಸಾಮಾನ್ಯ ಮಿತಿ 30. ಪೂರ್ಣ ಸೇವೆ ಮುಗಿಸಿದ ಹೆಚ್ಚಿನ ಜವಾನರಿಗೆ ಆ ದಾರಿ ಮುಚ್ಚಿದಂತೆಯೇ, ಅಗ್ನಿವೀರರಿಗೆ ತೆರೆದಿದೆ.

ಸಿಜಿಎಲ್‌ನಲ್ಲಿ ಮಾಜಿ ಸೈನಿಕರ ವಯಸ್ಸಿನ ಲೆಕ್ಕ ಹೀಗೆ: ಈಗಿನ ವಯಸ್ಸಿನಿಂದ ಸೇವೆಯ ವರ್ಷಗಳನ್ನು ಕಳೆಯಿರಿ, ಉಳಿದದ್ದು ಹುದ್ದೆಯ ಮಿತಿಗಿಂತ 3 ವರ್ಷದವರೆಗೆ ಹೆಚ್ಚಿದ್ದರೂ ಆಗುತ್ತದೆ. 41 ವರ್ಷ, 17 ವರ್ಷ ಸರ್ವಿಸ್ ಎಂದರೆ ಲೆಕ್ಕಕ್ಕೆ ಬರುವ ವಯಸ್ಸು 24. ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್‌ಗೆ ಮಿತಿ 32, ಹಾಗಾಗಿ ಇನ್ನೂ ಬೇಕಾದಷ್ಟು ಸಮಯವಿದೆ. ವಯಸ್ಸಿನ ಸಡಿಲಿಕೆ ಬೇರೆ, ಮೀಸಲಾತಿ ಬೇರೆ. ಕೇಂದ್ರದಲ್ಲಿ ಮಾಜಿ ಸೈನಿಕರ ಮೀಸಲು ಮುಖ್ಯವಾಗಿ ಗ್ರೂಪ್ ಸಿ ಹುದ್ದೆಗಳಿಗೆ. ಅರ್ಜಿಯಲ್ಲಿ ಸೇರಿದ ದಿನಾಂಕ, ಬಿಡುಗಡೆಯ ದಿನಾಂಕ ಎರಡನ್ನೂ ಡಿಸ್ಚಾರ್ಜ್ ಬುಕ್ ಮುಂದಿಟ್ಟುಕೊಂಡೇ ತುಂಬಿ, ನೆನಪಿನಿಂದ ಬರೆಯಬೇಡಿ. ದಾಖಲೆ ಪರಿಶೀಲನೆಯ ಮೇಜಿನ ಮೇಲೆ ಅವರು ಮೊದಲು ತಾಳೆ ನೋಡುವುದು ಆ ಎರಡು ದಿನಾಂಕಗಳನ್ನೇ.